ಬಕ್ಕೇಶಪ್ಪನ ಎಡಗಾಲು

ಮುರುಗೇಶಪ್ಪ ಪಂಚೆ ಮೇಲೆ ಕಟ್ಟಿ, ತಮ್ಮನ ಎಡಮಂಡಿಯ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಮಂಡಿಪೇಟೆಯಲ್ಲಿ ಸ್ವಂತ ಮಂಡಿ ಇಟ್ಟವನು. ಅರಳೆ ತಂದ ಎಂಥೆಂಥ ರೈತರನ್ನೋ ಬಗ್ಗಿಸಿದವನು. ಈ ಮಂಡಿ ಮಾತ್ರ ಬಗ್ಗಲಿಲ್ಲ. ಇನ್ನೊಮ್ಮೆ ಒತ್ತಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣವೇ ವಾಲಿತು. ಹೆಗಲಿಗೆ ಸುತ್ತಿ ಮೊಳೆಗೆ ಕಟ್ಟಿದ್ದ ವಸ್ತ್ರ ಕಳಚಿ, ಬಕ್ಕೇಶಪ್ಪ ನೇರವಾಗಿ ಅಣ್ಣನ ತೋಳಿಗೆ ಬಿದ್ದ. ಅಣ್ಣತಮ್ಮಂದಿರು ಅಷ್ಟು ಗಟ್ಟಿಯಾಗಿ ತಬ್ಬಿಕೊಂಡದ್ದನ್ನು ಬದುಕಿದ್ದಾಗ ಯಾರೂ ಕಂಡಿರಲಿಲ್ಲ.

"ಬಿಡ್ರಿ ಬಾವಾರ, ಬ್ಯಾಡ," ಎಂದಳು ಸರ್ವಮಂಗಳಮ್ಮ. ಗಂಡ ಹೋದ ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು.

"ಬ್ಯಾಡ ಅಂದ್ರೆ ಹೆಂಗಮ್ಮ? ಕುಂದ್ರಿಸಿ ಹೂಳೋದು ನಮ್ಮ ಪದ್ಧತಿ. ಕುಂದ್ರೋದು ಅಂದ್ರೆ ಚಕ್ಕಂಬಕ್ಕಳ ಹಾಕಿ ಕುಂದ್ರೋದು. ಹಿಂಗೆ ಒಂದು ಕಾಲು ರಸ್ತೆಗೆ ಚಾಚಿ ಕುಂತ್ರೆ ಶಿವನ ಮುಂದೆ ಕುಂತಂಗಲ್ಲ, ಕ್ಷೌರದ ಅಂಗಡಿ ಮುಂದೆ ಕುಂತಂಗೆ!"

ಪಕ್ಕದ ಮನೆಯ ಉಡಚಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಪಾಪ, ಬಿಸಿ ಎಣ್ಣಿ ಹಾಕಿ ತಿಕ್ಕಿ ನೋಡ್ರಿ," ಎಂದಳು.

"ನಾನು ಮದುವಿ ಆದ ಮಾರನೇ ದಿನದಿಂದ ತಿಕ್ಕೀನಿ, ಉಡಚಕ್ಕ."

ಅಯ್ಯನವರು ಮೂಲೆಯಲ್ಲಿ ವಿಭೂತಿ ಗಟ್ಟಿ ತೇಯುತ್ತ ಬಾಗಿಲ ಕಡೆ ನೋಡುತ್ತಿದ್ದರು. ಅವರಿಗೆ ಸಂಜೆ ಪಕ್ಕದೂರು ಬಾತಿಯಲ್ಲಿ ಗೃಹಪ್ರವೇಶವಿತ್ತು. ಒಬ್ಬರನ್ನು ಮನೆ ಬಿಡಿಸಿ ಇನ್ನೊಬ್ಬರನ್ನು ಮನೆ ಹೊಗಿಸುವ ಅವಸರ.

"ಹೊತ್ತು ಇಳಿಯೋದರೊಳಗೆ ಮುಗೀಲಿ ಗೌಡ್ರೇ," ಎಂದರು.

ಮುರುಗೇಶಪ್ಪ ಬೆವರು ಒರೆಸಿಕೊಂಡ. "ಕೇಳಿಲ್ಲಿ ಮಂಗಳಾ. ಹೊಲಕ್ಕೆ ಹೋಗೋ ಮಟ ನೋಡ್ತೀನಿ. ಅಷ್ಟರಾಗೆ ಬಗ್ಗಲಿಲ್ಲ ಅಂದ್ರೆ, ಗುಣಿ ತೋಡೋ ಹನುಮಂತಪ್ಪನ ಕೈಯಾಗೆ ಹಾರೆ ಐತೆ. ಒಂದೇ ಏಟು. ಅವನಿಗೇನು ಈಗ ನೋವಾಗ್ತೈತಾ?"

"ಒಂದ್ಸಲ ಮುರಿದಿದ್ದು ಸಾಕು," ಎಂದಳು ಸರ್ವಮಂಗಳಮ್ಮ. ಎದ್ದು ಹೋಗಿ ಗಂಡನ ಎಡಗಾಲಿನ ಪಕ್ಕ ಕೂತಳು. ಕಾವಲು ಕೂತಂತೆ.

*

ಬಕ್ಕೇಶಪ್ಪ ಕಾಲೇಜಿನಲ್ಲಿ ಕುಸ್ತಿ ಆಡುತ್ತಿದ್ದ ಎಂದರೆ ಗಿರಣಿ ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು ಕಾಲು ಮೇಜಿನಾಚೆ ಚಾಚಿದ ಗುಮಾಸ್ತ. ನಂಬದವರಿಗೆ ಆತ ಕತೆ ಹೇಳುತ್ತಿದ್ದ. ನಂಬಿದವರಿಗೂ ಹೇಳುತ್ತಿದ್ದ.

ಐವತ್ತೆರಡನೇ ಇಸವಿ. ಸಂಕ್ರಾಂತಿ ಕಳೆದು ಹೊಳೆ ಇಳಿದು ಹರಿಹರದಲ್ಲಿ ಮರಳು ಬಿದ್ದಿತ್ತು. ಮರಳಿನ ಮೇಲೆ ಕುಸ್ತಿ. ಆ ಕಡೆ ಮಸ್ತಾನಸಾಬ್; ಕೊಲ್ಲಾಪುರದ ತನಕ ಹೋಗಿ ದುಡ್ಡಿಗೆ ಕುಸ್ತಿ ಹಿಡಿದು ಗೆದ್ದುಬಂದವನು. ಈ ಕಡೆ ದಾವಣಗೆರೆ ಕಾಲೇಜಿನ ಬಕ್ಕೇಶಪ್ಪ. ಮೈಸೂರಿನಿಂದ ಕಪ್ಪು ಗೆದ್ದು ತಂದವನು. ದೋಸ್ತರು ತಳ್ಳಿದ್ದಕ್ಕೆ ಕಣಕ್ಕೆ ಇಳಿದಿದ್ದ. ಇಳಿದ ಮೇಲೆ ಯಾರು ತಳ್ಳಿದ್ದು ಎಂದು ಹಿಂತಿರುಗಿ ನೋಡಿದರೆ ದೋಸ್ತರೆಲ್ಲ ಕಡ್ಲೆಕಾಯಿ ತಿನ್ನುತ್ತಿದ್ದರಂತೆ.

"ಮೊದಲು ಪೈಲ್ವಾನರು ನನ್ನ ಕೈ ಮುಟ್ಟಿ ಎದೆಗೆ ಒತ್ಕಂಡ್ರು," ಎನ್ನುತ್ತಿದ್ದ ಬಕ್ಕೇಶಪ್ಪ. "ಅಂಗೈ ಅಂದ್ರೆ ಅದು! ರೊಟ್ಟಿ ಹಂಚಿನಂಗೆ ಬೆಚ್ಚಗಿತ್ತು. 'ಹೆದರಬ್ಯಾಡ ತಮ್ಮಾ, ಚೆನ್ನಾಗಿ ಆಡು' ಅಂದ್ರು."

ಆಡಿದ. ಊರು ಎದ್ದು ನಿಲ್ಲುವಷ್ಟು ಚೆನ್ನಾಗಿ ಆಡಿದ. ಕೊನೆಗೆ ಮಸ್ತಾನಸಾಬ್ ಅವನ ಎಡಗಾಲು ಹಿಡಿದು ಪಟ್ಟು ಹಾಕಿದ.

ಅಲ್ಲೇ ಎಡವಟ್ಟಾದದ್ದು. ಹೊಳೆ ಮರಳಿನ ರಿವಾಜು ಒಂದು: ಸಾಕೆನಿಸಿದವನು ಎದುರಾಳಿಯ ಬೆನ್ನು ತಟ್ಟಬೇಕು, ತಟ್ಟಿದ ಕ್ಷಣ ಪಟ್ಟು ಬಿಡಬೇಕು. ಕಾಲೇಜಿನ ರಿವಾಜೇ ಬೇರೆ: ವ್ಯಾಯಾಮದ ಮೇಷ್ಟ್ರು ಸೀಟಿ ಊದುತ್ತಾರೆ, ಊದಿದ ಮೇಲೆ ಬಿಡಬೇಕು. ಬಕ್ಕೇಶಪ್ಪನಿಗೆ ತಟ್ಟಬೇಕೆಂದು ಯಾರೂ ಹೇಳಿರಲಿಲ್ಲ. ಮಸ್ತಾನಸಾಬನಿಗೆ ಸೀಟಿ ಅಂದರೆ ಪೊಲೀಸರದು, ರೈಲಿನದು. ಇವನು ಸೀಟಿಗೆ ಕಾದ. ಅವನು, ಇವನು ತಟ್ಟಲೆಂದು ಕಾದ. ಕಣದ ಪಕ್ಕ ವಾದ್ಯದವನು ಹಲಗೆ ಬಡಿಯುತ್ತಲೇ ಇದ್ದ. ಸಾಬರು ಪಟ್ಟು ಬಿಡಲಿಲ್ಲ, ಇವನೂ ಪಟ್ಟು ಬಿಡಲಿಲ್ಲ. ಹಲಗೆಯ ಸದ್ದಿನ ನಡುವೆ ಇನ್ನೊಂದು ಸದ್ದಾಯಿತು. ಹಸಿ ಬಿದಿರು ಸೀಳಿದಂಥದ್ದು. ಹಲಗೆಯವನೇ ಬಡಿಯುವುದನ್ನು ನಿಲ್ಲಿಸಿದ.

ಕತೆ ಇಲ್ಲಿಗೆ ಬಂದಾಗ ಬಕ್ಕೇಶಪ್ಪ ಗಟ್ಟಿಯಾಗಿ ನಗುತ್ತಿದ್ದ. "ಅಂಥವರ ಕೈಯಾಗೆ ಮುರಿಸ್ಕಳ್ಳೋಕೂ ಪುಣ್ಯ ಬೇಕ್ರಿ!"

ಹೆಣ್ಣು ನೋಡಲು ಬಂದಾಗಲೂ ಹೀಗೆಯೇ, ಚಾಪೆ ಹಾಸಿದ್ದರೂ ಕುರ್ಚಿ ಕೇಳಿ ಕಾಲು ಚಾಚಿ ಕೂತಿದ್ದ. ಇಷ್ಟು ಗತ್ತಿನ ಗಂಡು ಜಮೀನುದಾರನೇ ಇರಬೇಕೆಂದು ಸರ್ವಮಂಗಳಮ್ಮನ ಅಪ್ಪ ಒಪ್ಪಿಬಿಟ್ಟಿದ್ದರು.

ಆದರೆ ನಿದ್ದೆಯಲ್ಲಿ ಆತ ನಗುತ್ತಿರಲಿಲ್ಲ. ಹಲ್ಲು ಕಚ್ಚಿ, ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, "ಊದ್ರೀ ಸಾರ್, ಸೀಟಿ ಊದ್ರೀ," ಎನ್ನುತ್ತಿದ್ದ. ಅದನ್ನು ಕೇಳಿದವಳು ಸರ್ವಮಂಗಳಮ್ಮ ಒಬ್ಬಳೇ. ಹಗಲಲ್ಲಿ ಗಿರಣಿಯ ಸೀಟಿ ಕೂಗಿದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ತಡವಾಯಿತಲ್ಲ, ಈಗ ಊದಿ ಏನು ಬಂತು ಎನ್ನುವಂತೆ.

*

ಮಧ್ಯಾಹ್ನ ಹೊರಗೆ ಗದ್ದಲವಾಯಿತು. "ಪೈಲ್ವಾನ್ರು ಬಂದ್ರು, ದಾರಿ ಬಿಡ್ರಿ," ಎಂದರು ಯಾರೋ.

ಸರ್ವಮಂಗಳಮ್ಮನ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷ ಅವಳು ಮೂವರ ಸಂಸಾರ ಮಾಡಿದ್ದಳು: ತಾನು, ಗಂಡ, ಗಂಡನ ಮಾತಿನೊಳಗಿನ ಈ ಪೈಲ್ವಾನ. ಆ ಪೈಲ್ವಾನ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡವನು, ಉಸಿರು ಬಿಟ್ಟರೆ ದೀಪ ಆರಿಸುವವನು.

ಒಳಗೆ ಬಂದವನು ಒಬ್ಬ ಬಡಕಲು ಸಾಬ. ಟೊಪ್ಪಿಗೆಯ ಕೆಳಗೆ ಮುದುಡಿ ಗಂಟಾದ ಎರಡು ಕಿವಿಗಳಷ್ಟೇ ಪೈಲ್ವಾನನವು. ಉಳಿದ ಮೈ ಯಾರದೋ.

ಉಡಚಮ್ಮ ಪಿಸುಗುಟ್ಟಿದಳು: "ಇವನೇನೇ? ಇವನು ಮಂಡಕ್ಕಿ ಚೀಲ ಎತ್ತೋದಿರಲಿ, ಚೀಲಾನೇ ಇವನ್ನ ಎತ್ತಿಡ್ತೈತೆ!"

"ಅಮ್ಮಾ, ನಾನು ಮಸ್ತಾನ. ಹರಿಹರದಾಗೆ ಮಂಡಕ್ಕಿ ಭಟ್ಟಿ…"

"ಗೊತ್ತೈತ್ರಿ. ವರ್ಷ ವರ್ಷ ಇವರು ನಿಮ್ಮನ್ನ ಮಾತಾಡಿಸಬೇಕಂತ ಹೋಗ್ತಿದ್ರು. ನಿಮ್ಮ ಹೆಂಡ್ರು ಖತೀಜಾಬೀ ಚಾ ಕೊಟ್ಟು, ಮಂಡಕ್ಕಿ ಕಟ್ಟಿ ಕಳಿಸ್ತಿದ್ರು. 'ಪೈಲ್ವಾನರು ಕುಡಿದು ಬಿಟ್ಟ ಲೋಟ ಇನ್ನೂ ಬಿಸಿ ಇತ್ತು ಕಣೆ, ಆದರೆ ಅವರು ಇರಲಿಲ್ಲ' ಅಂತ ಇವರು ಮನಿಗೆ ಬಂದು ನಗಾಡ್ತಿದ್ರು." ಅವಳ ದನಿ ಏರಿತು. "ಬದುಕಿದ್ದಾಗ ಹಿತ್ತಲ ಬಾಗಲು, ಸತ್ತ ಮ್ಯಾಲೆ ಮುಂಬಾಗಲೇನ್ರಿ ಸಾಬ್ರ?"

ಮಸ್ತಾನಸಾಬ್ ತಲೆ ಎತ್ತಲಿಲ್ಲ. ಎದುರಿಗೆ ಚಾಚಿಕೊಂಡಿದ್ದ ಕಾಲನ್ನೇ ನೋಡುತ್ತಿದ್ದ.

"ಮುಖ ನೋಡೋಕಾಗ್ತಿತ್ತಮ್ಮಾ. ಈ ಕಾಲು ನೋಡೋಕಾಗ್ತಿರ್ಲಿಲ್ಲ."

ಮುರುಗೇಶಪ್ಪನಿಗೆ ತಟ್ಟನೆ ವ್ಯಾಪಾರಿಯ ಬುದ್ಧಿ ಹೊಳೆಯಿತು. "ಬರ್ರಿ ಬರ್ರಿ, ಸರಿಯಾದ ಹೊತ್ತಿಗೆ ಬಂದ್ರಿ! ಗಂಟು ಹಾಕಿದವರಿಗೆ ಬಿಚ್ಚೋಕೂ ಬರ್ತೈತೆ. ಇದೊಂದು ಮಂಡಿ ಮಡಚಿ ಕೊಡ್ರಿ. ಮುರೀಬ್ಯಾಡ್ರಿ, ನಾಜೂಕಾಗಿ ಮಡಚ್ರಿ. ಇಲ್ಲಾಂದ್ರೆ ನಾವು ಹಾರೆ ತಗಾಬೇಕಾಗ್ತೈತೆ."

ಸರ್ವಮಂಗಳಮ್ಮ ಬೇಡ ಎನ್ನುವಷ್ಟರಲ್ಲಿ ಮಸ್ತಾನಸಾಬ್ ಮಂಡಿಯೂರಿ ಕೂತ. ಎರಡೂ ಕೈ ಮುಂದೆ ಚಾಚಿ, ಒಂದನ್ನು ಮಂಡಿಯ ಕೆಳಗೆ, ಒಂದನ್ನು ಹಿಮ್ಮಡಿಯ ಮೇಲೆ ಇಟ್ಟ. ಆ ಕೈಗಳು ತಮ್ಮ ಜಾಗವನ್ನು ಹುಡುಕಬೇಕಾಗಿ ಬರಲಿಲ್ಲ. ಇಟ್ಟ ಕೂಡಲೇ ನಡುಗತೊಡಗಿದವು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಹೆಗಲು.

ತೆಗೆದುಬಿಟ್ಟ.

"ಆಗಲ್ರಿ. ಅವತ್ತಿನಿಂದ ಯಾರ ಕಾಲೂ ಹಿಡಿಯೋಕಾಗಿಲ್ಲ. ಮುಂದಿನ ಕುಸ್ತ್ಯಾಗೆ ಹಿಡಿದೆ, ಕೈಯೊಳಗೆ ಆ ಸದ್ದು ಕೇಳ್ತು. ಬಿಟ್ಟೆ, ಚಿತ್ ಆದೆ. ಅದರ ಮುಂದಿನದರಾಗೂ ಹಂಗೇ. ಮಸ್ತಾನ ರೊಕ್ಕ ತಗಂಡು ಬೀಳ್ತಾನೆ ಅಂತ ಬಜಾರದಾಗೆ ಮಾತಾಯ್ತು. ಮಂಡಕ್ಕಿ ಹುರಿಯೋಕೆ ಕುಂತೆ." ಅಂಗೈಗಳನ್ನು ತೊಡೆಗೆ ಒರೆಸಿಕೊಂಡ. "ಕಿವಿಗೆ ಕೇಳೋ ಸದ್ದಾದ್ರೆ ಹತ್ತಿ ಇಟ್ಕಾಬಹುದು. ಕೈಗೆ ಕೇಳೋದಕ್ಕೆ ಏನು ಮಾಡ್ಲಿ?"

ಸರ್ವಮಂಗಳಮ್ಮ ಅವನ ಕೈ ನೋಡಿದಳು. ರೊಟ್ಟಿ ಹಂಚಿನಂಥ ಅಂಗೈ ಅದಲ್ಲ. ಭಟ್ಟಿಯ ಮರಳಿಗೆ ಸುಟ್ಟು ಸುಟ್ಟು ಬೆರಳ ತುದಿಗಳು ನುಣ್ಣಗಾಗಿದ್ದವು. ಇಷ್ಟು ವರ್ಷ ಆ ಸದ್ದಿನ ಅರ್ಧ ತನ್ನ ಮನೆಯಲ್ಲಿತ್ತು, ಇನ್ನರ್ಧ ಹರಿಹರದಲ್ಲಿತ್ತು.

"ಕಾಲು ಬಗ್ಗಲ್ಲ ಅಂದ್ರೆ ಮಣ್ಣು ಬಗ್ಗಲಿ," ಎಂದಳು ಅವಳು. "ಬಾವಾರ, ಕಾಲಿಗೆ ತಕ್ಕಂಗೆ ಗುಣಿ ತೋಡಿಸ್ರಿ."

"ಪದ್ಧತಿ?"

ಅಯ್ಯನವರು ಹೊತ್ತಿನ ಕಡೆ ಒಮ್ಮೆ, ಕಾಲಿನ ಕಡೆ ಒಮ್ಮೆ ನೋಡಿದರು. "ಲಿಂಗ ಕುಂದ್ರೋದು ಅಂಗೈ ಮ್ಯಾಲೆ ಗೌಡ್ರೇ, ಅಂಗಾಲ ಮ್ಯಾಲಲ್ಲ. ಹೊರಡ್ರಿ."

*

ಆನೆಕೊಂಡದ ಹೊಲದಲ್ಲಿ ರೋಹಿಣಿ ಮಳೆ ಬಿದ್ದು ಎರೆ ಮಣ್ಣು ಹಿಟ್ಟು ನಾದಿದಂತಿತ್ತು. ಹನುಮಂತಪ್ಪ ಗುಣಿ ತೋಡಿ, ಒಂದು ಕಡೆ ಕಾಲಿಗೆಂದು ಓಣಿಯನ್ನೂ ತೆಗೆದಿದ್ದ. ಹೆಣ ಕೂರಿಸಿ ಹೊತ್ತು ತಂದ ವಿಮಾನ ಇಳಿಸಿದರು. ಶಾಲಿನೊಳಗಿಂದ ಕಾಲು ಹೊರಗೇ ಇತ್ತು.

ಹನುಮಂತಪ್ಪ ಕಾಲನ್ನೂ ಗುಣಿಯನ್ನೂ ನೋಡಿ ತಲೆ ಕೆರೆದುಕೊಂಡ. "ಇದು ನೆಟ್ಟಗೂ ಇಲ್ಲ, ಡೊಂಕೂ ಅಲ್ಲ. ಮ್ಯಾಲೆ ಎದ್ದೈತೆ, ಹೊರಕ್ಕೆ ತಿರುಗೈತೆ. ಅಂದಾಜಿನ ಮ್ಯಾಲೆ ಇಳಿಸಿದ್ರೆ ಹೆಣ ಮಕಾಡೆ ಬೀಳ್ತೈತೆ. ಒಮ್ಮೆ ಇಳಿಸಿದ್ದನ್ನ ಮತ್ತೆ ಎತ್ತಂಗಿಲ್ಲ. ಯಾರಾದ್ರೂ ಒಳಗಿಳಿದು ಕಾಲು ಹಿಂಗೇ ಇಟ್ಟು ಕುಂತು ತೋರಿಸ್ರಿ, ತೀಡಿ ಕೊಡ್ತೀನಿ."

ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ತಮ್ಮನಿಗಾಗಿ ಪ್ರಾಣ ಕೊಡುತ್ತೇನೆಂದು ಬೆಳಿಗ್ಗೆಯಿಂದ ಅಳುತ್ತಿದ್ದ ಮುರುಗೇಶಪ್ಪ ಎಲ್ಲರಿಗಿಂತ ಒಂದು ಹೆಜ್ಜೆ ಹೆಚ್ಚೇ ಸರಿದ. ಜೀವ ಇರುವವನು ಗುಣಿಯೊಳಗೆ ಕೂತರೆ ಮಣ್ಣು ರುಚಿ ನೋಡುತ್ತದಂತೆ. ಆಮೇಲೆ ಬಿಡುವುದಿಲ್ಲವಂತೆ.

"ಸಾಕು, ಹಾರೆ ತಗಾ ಹನುಮಂತಪ್ಪ," ಎಂದ ಮುರುಗೇಶಪ್ಪ ದೂರದಿಂದಲೇ.

ಸರ್ವಮಂಗಳಮ್ಮ ವಿಮಾನದ ಮುಂದೆ ಅಡ್ಡ ನಿಂತಳು. ಅವಳ ಹಿಂದೆ ದೊಪ್ಪೆಂದು ಸದ್ದಾಯಿತು. ಮಸ್ತಾನಸಾಬ್ ಚಪ್ಪಲಿ ಬಿಟ್ಟು, ಟೊಪ್ಪಿಗೆ ಬದುವಿನ ಮೇಲಿಟ್ಟು, ಗುಣಿಯೊಳಗೆ ಇಳಿದಿದ್ದ.

"ಏ ಸಾಬ್ರೇ! ಅದು ನಮ್ಮ ಗುಣಿ!" ಮುರುಗೇಶಪ್ಪ ಕೂಗಿದ.

"ಪೂಜಿ ಆಗೋ ಮಟ ಗುಣಿ ಅಲ್ಲ, ಬರೀ ತಗ್ಗು," ಎಂದರು ಅಯ್ಯನವರು. ಆ ದಿನ ಅವರ ಅವಸರ ಎರಡನೇ ಸಲ ಪುಣ್ಯದ ಕೆಲಸ ಮಾಡಿತು.

ಕೆಳಗೆ ಮಸ್ತಾನಸಾಬ್ ಮಣ್ಣಿಗೆ ಬೆನ್ನು ಕೊಟ್ಟು ಕೂತ. ಬಲಗಾಲು ಮಡಚಿದ. ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಚಾಚಿ, ಮೆಲ್ಲಗೆ ಹೊರಕ್ಕೆ ತಿರುಗಿಸಿ, ನಿಲ್ಲಿಸಿದ. ಈಗ ಅವನ ಕೈ ನಡುಗಲಿಲ್ಲ. ಗುಣಿಯ ನೆರಳಿನಲ್ಲಿ ಮುಖ ಕಾಣುತ್ತಿರಲಿಲ್ಲ. ಕಾಲು ಮಾತ್ರ ಕಾಣುತ್ತಿತ್ತು. ಅದು ಬಕ್ಕೇಶಪ್ಪನದೇ.

"ಹಿಂಗೇ ಅಲ್ಲೇನಮ್ಮ, ಅವರು ಕುಂದ್ರತಿದ್ದದ್ದು?"

ಸರ್ವಮಂಗಳಮ್ಮ ಗುಣಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. "ಹಿಮ್ಮಡಿ… ಇನ್ನೊಂಚೂರು ಮ್ಯಾಲೆ."

ಎತ್ತಿದ.

"ಹೂಂ. ಹಂಗೇ ಇರ್ರಿ. ಅಲ್ಲಾಡಬ್ಯಾಡ್ರಿ."

ಹನುಮಂತಪ್ಪ ಬಗ್ಗಿ ಕುಡುಗೋಲಿನಿಂದ ಮಣ್ಣು ತೀಡಿದ. ಕಾಲಿನ ಅಡಿಗೆ ಹಸಿ ಎರೆ ತುಂಬಿ ಒತ್ತಿದ. ತುಂಬ ಹೊತ್ತು ಹಿಡಿಯಿತು. ಮಸ್ತಾನಸಾಬ್ ಕಣ್ಣು ಮುಚ್ಚಿ, ಯಾರದೋ ಪಟ್ಟಿನೊಳಗೆ ಇದ್ದವನ ಹಾಗೆ ಹಲ್ಲು ಕಚ್ಚಿ ಕೂತಿದ್ದ. ತಟ್ಟಲಿಲ್ಲ. ಸಾಕು ಎಂದು ಹನುಮಂತಪ್ಪನೇ ಹೇಳಿದ.

ರಟ್ಟೆ ಹಿಡಿದು ಮೇಲೆ ಎಳೆದರು. ಒದ್ದೆ ಮಣ್ಣಿನಲ್ಲಿ ಒಬ್ಬ ಮನುಷ್ಯ ಕೂತ ಗುರುತು ಪೂರ್ತಿ ಉಳಿದಿತ್ತು. ಅಯ್ಯನವರು ಪತ್ರೆ, ವಿಭೂತಿ ಹಾಕಿ ಪೂಜೆ ಮಾಡಿದರು. ಬಕ್ಕೇಶಪ್ಪನನ್ನು ಇಳಿಸಿದರು. ಬೆನ್ನು ಬೆನ್ನಿನ ಗುರುತಿಗೆ, ಹಿಮ್ಮಡಿ ಹಿಮ್ಮಡಿಯ ಕುಳಿಗೆ ಕೂತವು. ವಾಲಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟರು.

ಒಬ್ಬೊಬ್ಬರಾಗಿ ಮಣ್ಣು ಹಾಕಲು ಹೊರಟರು. ಬದುವಿನ ಕಿರುದಾರಿಗೆ ಅಡ್ಡಲಾಗಿ ಮಸ್ತಾನಸಾಬ್ ಕೂತಿದ್ದ, ಎಡಗಾಲು ಮುಂದೆ ಚಾಚಿ. ತೊಡೆಯಿಂದ ಪಾದದ ತನಕ ಗುಣಿಯ ಕರಿ ಮಣ್ಣು. ಸರ್ವಮಂಗಳಮ್ಮ ಹತ್ತಿರ ಬಂದಾಗ ಕಾಲು ಎಳೆದುಕೊಳ್ಳಲು ಹೋದ. ಮಂಡಿಯ ಮೇಲೆ ಕೈ ಊರಿ ಒತ್ತಿದ. ಮಂಡಿ ಬಗ್ಗಲಿಲ್ಲ. ಅವನು ಬೆಚ್ಚಿ ಅವಳ ಮುಖ ನೋಡಿದ.

"ಇರಲಿ ಬಿಡ್ರಿ," ಎಂದಳು ಸರ್ವಮಂಗಳಮ್ಮ.

ಮುಷ್ಟಿಯಲ್ಲಿ ಮಣ್ಣು ಹಿಡಿದು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿಕೊಂಡು, ಕೆಳಗೆ ನೋಡದೆಯೇ, ಮನೆಯಲ್ಲಿ ಗಂಡ ಕಾಲು ಚಾಚಿ ಕೂತಿದ್ದಾಗ ದಿನಾ ಹೋಗುತ್ತಿದ್ದ ಹಾಗೆ, ಆ ಕಾಲನ್ನು ಬಳಸಿಕೊಂಡು ಮುಂದೆ ಹೋದಳು.