ಹೆಸರು ಬಿಟ್ಟು ಹೇಳಿದ ಗೋಲು

ನನ್ನದು ಕ್ಷೌರದಂಗಡಿ. ಮೂರು ಕುರ್ಚಿ, ಎರಡು ಕನ್ನಡಿ. ಮೂರನೆಯ ಕನ್ನಡಿ ಒಡೆದು ಹದಿನಾರು ವರ್ಷವಾಯಿತು, ಹಾಕಿಸುತ್ತೇನೆ ಅಂತ ನಾನೂ ಹೇಳುತ್ತಲೇ ಇದ್ದೇನೆ. ಆ ಕುರ್ಚಿಯಲ್ಲಿ ಕೂರುವವರು ಯಾರೂ ಕ್ಷೌರಕ್ಕೆ ಬಂದವರಲ್ಲವಾದ್ದರಿಂದ ಅವಸರವೂ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ, ಹನ್ನೆರಡೂವರೆಗೆ ಏಳುತ್ತಾರೆ. ನಡುವೆ ಫುಟ್‌ಬಾಲ್ ಬಿಟ್ಟು ಬೇರೆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ನಮ್ಮ ತಂಡಕ್ಕೆ ಜನ ಕರೆಯುವ ಹೆಸರು ‘ಹಗ್ಗದವರು’. ಹಗ್ಗದ ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡ. ಆಗೆಲ್ಲ ಕಾರ್ಖಾನೆಯ ಸೈರನ್ ಕೂಗಿದರೇ ಮ್ಯಾಚ್ ಶುರು. ಗೋಲಿನ ಬಲೆಯನ್ನು ಎರಡನೇ ಪಾಳಿಯ ಹೆಂಗಸರು ಕೈಯಲ್ಲೇ ಗಂಟು ಹಾಕಿ ಹೆಣೆಯುತ್ತಿದ್ದರು. ನಮ್ಮಮ್ಮನೂ ಹೆಣೆದವಳೇ. ಎದುರಾಳಿ ಹೊಡೆದ ಚೆಂಡು ಆ ಬಲೆಗೆ ಬಿದ್ದ ದಿನ, ಇದಕ್ಕೇನಾ ನಾನು ಬೆರಳು ಸವೆಸಿದ್ದು ಅಂತ ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯುತ್ತಿದ್ದಳು. ಪಾಪ, ಅಪ್ಪ ಮೈದಾನದ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಈಗ ಕಾರ್ಖಾನೆಯ ಜಾಗದಲ್ಲಿ ಯಾರದೋ ಗೋದಾಮಿದೆ. ತಂಡ ಇನ್ನೂ ಆಡುತ್ತಿದೆ, ತೀರಾ ಕೆಳಗಿನ ದರ್ಜೆಯಲ್ಲಿ. ಅದಕ್ಕಿಂತ ಕೆಳಗೆ ದರ್ಜೆ ಇಲ್ಲ, ಇದ್ದಿದ್ದರೆ ಅಲ್ಲಿಗೂ ಇಳಿಯುತ್ತಿದ್ದರು.

ಹಾಗಾಗಿ ನಾವು ಹಳೆಯ ಮ್ಯಾಚುಗಳನ್ನು ಆಡಿಸುತ್ತೇವೆ. ಹಾಗೆಂದು ನಮ್ಮ ಮಾತು. “ಇವತ್ತು ಯಾವುದನ್ನ ಆಡಿಸೋಣ?” ಅಂತ ಒಬ್ಬರು ಕೇಳಬೇಕು, ಇನ್ನೊಬ್ಬರು ಇಂಥ ವರ್ಷದ ಇಂಥ ಮ್ಯಾಚ್ ಅನ್ನಬೇಕು, ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲ ನಿಮಿಷದಿಂದ ಶುರುಮಾಡಬೇಕು. ಮೇಷ್ಟ್ರು ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಸ್ವಂತ ಮೊಮ್ಮಕ್ಕಳ ಹುಟ್ಟಿದ ದಿನ ಮರೆಯುತ್ತಾರೆ, ನಲವತ್ತೈದು ವರ್ಷದ ಹಿಂದಿನ ಕಾರ್ನರ್ ಕಿಕ್ ಮರೆಯುವುದಿಲ್ಲ. ಅವರು ತಪ್ಪಿದರೆ ತಿದ್ದಲು ಗೇಟಣ್ಣ ಇದ್ದಾರೆ. ಎಂಬತ್ತು ವರ್ಷ, ಮೈದಾನದ ಗೇಟು ಕಾಯುವ ಕೆಲಸ. ನಿವೃತ್ತಿಯೇನೋ ಆಗಿದೆ, ಆದರೆ ಬೀಗದ ಕೈ ವಾಪಸು ಕೊಟ್ಟಿಲ್ಲ, ಕೇಳುವ ಧೈರ್ಯ ಯಾರಿಗೂ ಇಲ್ಲ.

ಆ ಎರಡೂವರೆ ಗಂಟೆ ನನ್ನ ಅಂಗಡಿಯಲ್ಲಿ ಎಲ್ಲರೂ ಮತ್ತೆ ಓಡಾಡುತ್ತಾರೆ. ಗೋಲ್‌ಕೀಪರ್ ಏಣಿ, ಕೈ ಚಾಚಿದರೆ ಸಾಕು, ನೆಗೆಯಬೇಕಿರಲಿಲ್ಲ. ಬೆಣ್ಣೆ, ಅವನ ಕಾಲಿನಿಂದ ಚೆಂಡು ಜಾರುತ್ತಿದ್ದ ಚಂದಕ್ಕೆ ಆ ಹೆಸರು. ಡಾಕ್ಟರು, ಅಂದರೆ ಓದಿದವನಲ್ಲ, ಅವನಿಗೆ ಡಿಕ್ಕಿ ಹೊಡೆದವರು ನೆಟ್ಟಗೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇವರಲ್ಲಿ ಅರ್ಧ ಜನ ಈಗಿಲ್ಲ.

ಅವರ ನಡುವೆ ಎಡಗಾಲು ಅಂತ ಒಬ್ಬನಿದ್ದ. ಅವನ ಮಾತು ಮಾತ್ರ ನನ್ನ ಅಂಗಡಿಯಲ್ಲಿ ಬರುವುದಿಲ್ಲ. ಬರಬಾರದು ಅಂತ ಕಟ್ಟುಮಾಡಿದವನು ನಾನೇ.

ಎಡಗಾಲು ಪಕ್ಕದ ಅಂಗಡಿಯ ಟೈಲರು. ಅವನಿಗೂ ನನಗೂ ನಡುವೆ ಇರುವುದು ಹಲಗೆಯ ಗೋಡೆ, ಮೇಲೆ ಒಂದು ಮೊಳ ಸಂದು. ನನ್ನ ಕಡೆಯ ಕೂದಲು ಹಾರಿ ಅವನ ಇಸ್ತ್ರಿ ಬಟ್ಟೆಯ ಮೇಲೆ ಕೂತಿತು ಅಂತ ತಿಂಗಳಿಗೊಂದು ಜಗಳ ಆಗಲೇಬೇಕು. ಮೂರು ವರ್ಷ ಹಗ್ಗದವರಿಗೆ ಆಡಿದವನು, ಮೂವತ್ತೊಂದು ಗೋಲು ಹೊಡೆದವನು. ಇಪ್ಪತ್ತಮೂರನೇ ವಯಸ್ಸಿಗೆ ಫೈನಲ್ ಆಡಿದ. ತಂಡ ಎರಡು ಗೋಲು, ಎದುರಾಳಿ ಎರಡು ಗೋಲು, ಎಂಬತ್ತೆಂಟನೇ ನಿಮಿಷದಲ್ಲಿ ನಮಗೊಂದು ಪೆನಾಲ್ಟಿ. ಇವನು ಒದ್ದ, ಚೆಂಡು ಕಂಬಕ್ಕೆ ಬಡಿದು ಆಚೆ ಹಾರಿತು. ಎದುರಾಳಿಗಳು ಅದನ್ನೇ ಎತ್ತಿಕೊಂಡು ಹೋಗಿ ಈ ತುದಿಯಲ್ಲಿ ಗೋಲು ಹೊಡೆದರು. ಕಪ್ ಕೈತಪ್ಪಿತು. ಮತ್ತೆಂದೂ ಫೈನಲ್ ಕಾಣಲಿಲ್ಲ ನಾವು.

ಅವನು ಮತ್ತೆ ಆಡಲೂ ಇಲ್ಲ, ಮೈದಾನಕ್ಕೆ ಕಾಲಿಡಲೂ ಇಲ್ಲ. ಆರು ತಿಂಗಳಿಗೆ ನನ್ನ ಪಕ್ಕದಲ್ಲಿ ಬಂದು ಮಿಷನ್ ಹಾಕಿ ಕೂತ. ಆ ಭಾನುವಾರವೇ ನಾನು ಎಲ್ಲರಿಗೂ ಹೇಳಿಬಿಟ್ಟೆ: “ನೋಡಿ, ಹಲಗೆ ಆಚೆ ಅವನಿದ್ದಾನೆ. ಬಡಪಾಯಿ ನೊಂದಿದ್ದಾನೆ. ಅವನ ಹೆಸರೆತ್ತಿದವರಿಗೆ ಅರ್ಧ ತಲೆ ಬೋಳಿಸಿ ಕಳಿಸ್ತೀನಿ.” ನಾನು ಹೇಳಿದಂತೆ ಮಾಡುವವನು ಅಂತ ಎಲ್ಲರಿಗೂ ಗೊತ್ತು.

ಆದರೆ ಆ ಫೈನಲ್ ಆಡಿಸದೆ ಇರಲೂ ಆಗುತ್ತಿರಲಿಲ್ಲ. ಅರವತ್ತಮೂರನೇ ನಿಮಿಷದ ಗೋಲು ಅಂಥದ್ದು. ಅದನ್ನು ಹೊಡೆದವನೂ ಇವನೇ. ಮೇಷ್ಟ್ರು ಅದಕ್ಕೊಂದು ಉಪಾಯ ಹುಡುಕಿದರು. “ಚೆಂಡು ಎಡಕ್ಕೆ ಬಂತು. ಒಬ್ಬನನ್ನ ದಾಟ್ತು. ಇನ್ನೊಬ್ಬನನ್ನ ದಾಟ್ತು. ಮೂಲೆಯಿಂದ ತಿರುಗಿ ಒಳಗೆ ಹೋಯ್ತು,” ಅನ್ನುತ್ತಿದ್ದರು, ಚೆಂಡಿಗೇ ಕೈಕಾಲು ಬಂದು ತಾನೇ ಓಡಿದ ಹಾಗೆ. ಎಂಬತ್ತೈದನೇ ನಿಮಿಷಕ್ಕೆ ಬಂದು “ಮುಂದಿಂದು ಗೊತ್ತಲ್ಲ, ಚಹಾ ಹೇಳಪ್ಪ” ಅಂದುಬಿಡುತ್ತಿದ್ದರು. ಒಂದಲ್ಲ ಎರಡಲ್ಲ, ನಲವತ್ತು ವರ್ಷ ಹೀಗೇ ನಡೆಯಿತು. ನಾನು ಒಳ್ಳೆಯ ಕೆಲಸ ಮಾಡಿದ್ದೇನೆ ಅಂತ ಒಳಗೊಳಗೇ ಬೀಗಿದ್ದೆ, ಸುಳ್ಳೇಕೆ ಹೇಳಲಿ.

ಮೊನ್ನೆ ಗುರುವಾರ ಅವನ ಮಗಳು ಬಂದಳು. ಬೇರೆ ಊರಿನಲ್ಲಿ ಕಣ್ಣಾಸ್ಪತ್ರೆಯಲ್ಲಿ ನರ್ಸು. ಅಪ್ಪನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಅಂಗಡಿ ಮುಚ್ಚಿಸಿ ಸೋಮವಾರ ತನ್ನ ಜೊತೆ ಕರೆದುಕೊಂಡು ಹೋಗುತ್ತಾಳೆ. ಈ ಸುದ್ದಿ ನನಗೆ ತಿಂಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೆ. ಅವನು ಹೋದ ಮೇಲೆ ನಾನು ಯಾರ ಜೊತೆ ಜಗಳ ಆಡಲಿ?

ಅಪ್ಪ ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಅವಳು ನನ್ನ ಅಂಗಡಿಗೆ ಬಂದು ಮೂರನೇ ಕುರ್ಚಿಯ ಅಂಚಿನಲ್ಲಿ ಕೂತಳು.

“ಮಾಮ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಪ್ಪ ನಿಜವಾಗ್ಲೂ ಆಡ್ತಿದ್ರಾ?”

“ಏನಮ್ಮ ಹಾಗಂದ್ರೆ?”

“ಚಿಕ್ಕವಳಿದ್ದಾಗ ಭಾನುವಾರ ಅಪ್ಪನ ಜೊತೆ ಅಂಗಡಿಗೆ ಬರ್ತಿದ್ದೆ. ನಿಮ್ಮ ಮಾತೆಲ್ಲ ಆ ಕಡೆ ಕೇಳ್ಸೋದು. ಅಪ್ಪ ಮಿಷನ್ ನಿಲ್ಲಿಸಿ, ‘ತಾಳು, ಈಗ ಬರುತ್ತೆ ನನ್ನ ಹೆಸರು’ ಅನ್ನೋರು. ಬರ್ತಿರಲಿಲ್ಲ. ‘ಮುಂದಿನ ವಾರ ಬರುತ್ತೆ ಬಿಡು’ ಅನ್ನೋರು. ಆಮೇಲಾಮೇಲೆ ಹಾಗನ್ನೋದೂ ಬಿಟ್ರು. ಮಕ್ಕಳ ಮುಂದೆ ಅಪ್ಪಂದಿರು ಸುಮ್ನೆ ಹೇಳ್ಕೋತಾರಲ್ಲ, ಹಾಗೇ ಇರಬೇಕು ಅಂದ್ಕೊಂಡು ನಾನೂ ಕೇಳೋಕೆ ಹೋಗ್ಲಿಲ್ಲ.”

ಒಂದು ಪೆನಾಲ್ಟಿ ಮುಚ್ಚಿಡಲು ಹೋಗಿ ಅವನ ಮೂವತ್ತೊಂದು ಗೋಲನ್ನೂ ನುಂಗಿ ನೀರು ಕುಡಿದಿದ್ದೆವು. ಅವನ ಮಗಳ ಎದುರಿಗೇ ಅವನನ್ನು ಸುಳ್ಳುಗಾರ ಮಾಡಿ ಕೂರಿಸಿದ್ದೆವು. ಅದೂ ಕರುಣೆಯ ಹೆಸರಿನಲ್ಲಿ, ವಾರವಾರ, ತಪ್ಪದೆ.

“ಆಡ್ತಿದ್ನಮ್ಮ,” ಅಂದೆ. “ಅವನ ಥರ ಆಡಿದವನನ್ನ ನಾನು ನೋಡಿಲ್ಲ.” ಅವಳು ತಲೆಯಾಡಿಸಿದಳು. ದೊಡ್ಡವರು ಸಮಾಧಾನ ಹೇಳಿದಾಗ ಹೆಣ್ಣುಮಕ್ಕಳು ತಲೆಯಾಡಿಸುತ್ತಾರಲ್ಲ, ಹಾಗೆ. ನಂಬಲಿಲ್ಲ ಅಂತ ಗೊತ್ತಾಯಿತು.

ಉಳಿದದ್ದು ಒಂದೇ ಭಾನುವಾರ.

ಹತ್ತು ಗಂಟೆಗೆ ಮೇಷ್ಟ್ರೂ ಗೇಟಣ್ಣನೂ ಬಂದರು. ಹಲಗೆಯ ಆಚೆ ಮಿಷನ್ ಓಡುತ್ತಿತ್ತು, ಯಾರದೋ ಕೊನೆಯ ಪ್ಯಾಂಟು ಮುಗಿಸಿ ಕೊಡಬೇಕಿತ್ತಂತೆ. ಮಗಳು ಬಟ್ಟೆಯ ಗಂಟು ಕಟ್ಟುತ್ತಿದ್ದಳು.

“ಇವತ್ತು ಯಾವುದನ್ನ ಆಡಿಸೋಣ?” ಅಂದರು ಗೇಟಣ್ಣ.

“ಫೈನಲ್ಲು,” ಅಂದೆ. ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ, “ಹೆಸರು ಹಿಡಿದು ಹೇಳಿ. ಕೊನೇವರೆಗೂ,” ಅಂತ ಸೇರಿಸಿದೆ.

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತಲೆ ಕೆಟ್ಟಿದ್ಯೇನಯ್ಯ ನಿಂಗೆ? ನಾಳೆ ಹೋಗ್ತಿರೋನು. ಇವತ್ತು ಗಾಯ ಕೆರೆದು ಕಳಿಸೋದಾ?”

“ಹಾಗಾದ್ರೆ ಅರವತ್ತಮೂರನೇ ನಿಮಿಷ ಗೋಲು ಹೊಡೆದಿದ್ದು ಯಾರು ಮೇಷ್ಟ್ರೇ, ನಮ್ಮಜ್ಜಿಯಾ?” ನನ್ನ ದನಿ ಏರಿಬಿಟ್ಟಿತ್ತು. ಕೋಪ ಬಂದದ್ದು ನನ್ನ ಮೇಲೆ, ಸಿಕ್ಕಿದವರು ಮೇಷ್ಟ್ರು. ಮಗಳು ಹೇಳಿದ್ದನ್ನು ಪಿಸುಮಾತಿನಲ್ಲಿ ಅವರಿಬ್ಬರಿಗೂ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಶುರುಮಾಡಿದಾಗ ಅವರ ದನಿ ಹಲಗೆ ದಾಟುವಷ್ಟು ಗಟ್ಟಿಯಾಗಿತ್ತು. ಮೊದಲ ಅರ್ಧ ಎಂದಿನಂತೆ ಹೋಯಿತು. ಏಣಿ ಎರಡು ಚೆಂಡು ತಡೆದ, ಡಾಕ್ಟರು ಒಬ್ಬನನ್ನು ಮಲಗಿಸಿದ. ಅರವತ್ತಮೂರನೇ ನಿಮಿಷ ಬಂತು.

“ಬೆಣ್ಣೆ ಚೆಂಡನ್ನ ಎಡಕ್ಕೆ ಕೊಟ್ಟ. ಎಡಗಾಲು ತಗೊಂಡ,” ಅಂದರು ಮೇಷ್ಟ್ರು.

ಮಿಷನ್ ನಿಂತಿತು.

“ಎಡಗಾಲು ಒಬ್ಬನನ್ನ ದಾಟ್ದ. ಎಡಗಾಲು ಇನ್ನೊಬ್ಬನನ್ನ ದಾಟ್ದ. ಮೂಲೆಗೆ ಹೋದ, ಇನ್ನೇನು ಚೆಂಡು ಹೊರಗೆ ಹೋಯ್ತು ಅಂತ ನಾವೆಲ್ಲ ಅಂದ್ಕೊಂಡ್ವಿ. ಅಲ್ಲಿಂದ ತಿರುಗಿಸಿ ಹೊಡೆದ ನೋಡು ನಮ್ಮ ಎಡಗಾಲು, ಗೋಲ್‌ಕೀಪರ್ ಕೈಯೆತ್ತೋದನ್ನೇ ಮರೆತ.” ಒಂದು ಸಲ ಸಾಕಿದ್ದಲ್ಲಿ ನಾಲ್ಕು ಸಲ ಹೆಸರು ಹೇಳಿದರು, ಮಗುವಿಗೆ ತಿನ್ನಿಸುವ ಹಾಗೆ.

ಎಂಬತ್ತೈದು ಬಂತು. ಎಂಬತ್ತಾರು, ಎಂಬತ್ತೇಳು. “ಪೆನಾಲ್ಟಿ,” ಅಂದರು ಮೇಷ್ಟ್ರು. “ಎಡಗಾಲು ಚೆಂಡು ಇಟ್ಟ. ನಾಲ್ಕು ಹೆಜ್ಜೆ ಹಿಂದೆ ಬಂದ...” ಅಲ್ಲಿಗೆ ಅವರಿಂದ ಆಗಲಿಲ್ಲ. ನಲವತ್ತು ವರ್ಷ ಅಲ್ಲಿಗಿಂತ ಮುಂದೆ ಹೋಗಿ ಅಭ್ಯಾಸವಿಲ್ಲದ ಬಾಯಿ. ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

“ಯಾಕ್ ಮೇಷ್ಟ್ರೇ ನಿಲ್ಲಿಸಿದ್ರಿ, ಒದೀರಿ,” ಅಂತ ಹಲಗೆಯ ಆಚೆಯಿಂದ ದನಿ ಬಂತು.

ಆಮೇಲೆ ಅವನೇ ಬಂದ. ಕೊರಳಲ್ಲಿ ಅಳತೆಯ ಟೇಪು, ಅಂಗಿಗೆ ಚುಚ್ಚಿದ ಗುಂಡುಸೂಜಿ, ಹಿಂದೆ ಮಗಳು. ಬಾಗಿಲಲ್ಲೇ ನಿಂತ.

“ಬಲಗಡೆ ಕಂಬ,” ಅಂದ. “ಗೋಲ್‌ಕೀಪರ್ ಎಡಕ್ಕೆ ಬಿದ್ದಿದ್ದ. ಬಲಗಡೆಯೆಲ್ಲ ಖಾಲಿ ಇತ್ತು. ಒಂದು ಗೇಣು ಒಳಗೆ ಹೋಗಿದ್ರೆ ಆಗಿತ್ತು. ಸುತ್ತ ಅಷ್ಟೊಂದು ಜನ ಇದ್ರಲ್ಲ, ಒಬ್ರಾದ್ರೂ ಬೈದ್ರಾ ಹೇಳಿ? ಎಲ್ಲ ಸುಮ್ನಾಗಿಬಿಟ್ರಿ. ನಾನು ಬಟ್ಟೆ ಬದಲಾಯಿಸಿ ಆಚೆ ಬಂದೆ, ದಾರಿ ಬಿಟ್ರಿ, ಯಾರೂ ತುಟಿ ಬಿಚ್ಚಲಿಲ್ಲ. ಇಲ್ಲಿ ಬಂದು ಅಂಗಡಿ ಹಾಕಿದ್ದೂ ಅದಕ್ಕೇ. ಇವನ ಪಕ್ಕದಲ್ಲಿದ್ರೆ ಇವತ್ತಲ್ಲ ನಾಳೆ ಬೈತಾನೆ, ಬಾಯಿ ಹಂಗಿದೆ ಇವನದು ಅಂತ. ಕೂದಲಿಗೆ ಬೈದ, ಫ್ಯಾನಿಗೆ ಬೈದ, ನನ್ನ ಮಿಷನ್ ಸದ್ದಿಗೆ ಬೈದ. ಅದಕ್ಕೆ ಮಾತ್ರ ಬೈಯಲಿಲ್ಲ. ನಾನು ನಿಮ್ಮ ಲೆಕ್ಕಕ್ಕೇ ಇಲ್ಲ ಅಂದ್ಕೊಂಡೆ.”

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ, ಎರಡೂ ಒಟ್ಟಿಗೇ ಬಂದವು.

“ಲೇ, ನಿನ್ನ ಮನೆ ಹಾಳಾಗ,” ಅಂದೆ. “ಕಣ್ಣೇನು ಬೆನ್ನ ಮೇಲಿತ್ತಾ ನಿಂಗೆ? ಎಮ್ಮೆ ನುಗ್ಗೋ ಅಷ್ಟು ಜಾಗ ಬಿಟ್ಟು ಹೋಗಿ ಹೋಗಿ ಕಂಬಕ್ಕೆ ಹೊಡೆದ್ಯಲ್ಲೋ ಕತ್ತೆ. ಆ ಕಂಬ ಏನು ನಿನ್ನ ಸೋದರಮಾವನ ಮಗಳಾ, ಬಿಟ್ಟಿರೋಕಾಗದೆ ಹೋಗಿ ತಬ್ಕೊಳ್ಳೋಕೆ? ಮೂರು ದಿನ ಅನ್ನ ಸೇರಲಿಲ್ಲ ನಂಗೆ. ಬಂದ ಗಿರಾಕಿ ಕಿವಿ ಕೊಯ್ದೆ ಅವತ್ತು, ನಿನ್ನಿಂದ.”

ಅವನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ, ಮುಖ ಎತ್ತಿದಾಗ ನೋಡಿದರೆ ನಗುತ್ತಿದ್ದ, ಕಣ್ಣಿನಲ್ಲಿ ನೀರೂ ಇತ್ತು. ಮೇಷ್ಟ್ರು ತಮ್ಮ ಸರದಿ ಅನ್ನುವಂತೆ, “ಓಡಿ ಬರೋವಾಗ ಮೈ ವಾಲಿಸಬಾರದು ಅಂತ ಎಷ್ಟು ಸಲ ಹೇಳಿದ್ದೆ ನಾನು,” ಅಂದರು. ಮಗಳು ಅಪ್ಪನ ತೋಳು ಹಿಡಿದುಕೊಂಡು ನಿಂತಿದ್ದಳು. ಬೈಗುಳ ಕೇಳಿ ಅಷ್ಟು ಹೆಮ್ಮೆಪಟ್ಟ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ.

“ಗೇಟಣ್ಣ,” ಅಂದ ಅವನು, “ನಿಮ್ಮದು ಬಾಕಿ ಇದೆ.”

ಗೇಟಣ್ಣ ಮೆಲ್ಲಗೆ ಎದ್ದರು. ಅವರು ಯಾರನ್ನೂ ಗದರಿದ್ದನ್ನು ನಾವು ಕಂಡಿಲ್ಲ. ಅವನ ಹತ್ತಿರ ಹೋಗಿ ನಿಂತರು.

“ಪೆನಾಲ್ಟಿ ಹೋದ್ರೆ ಹೋಯ್ತು ಕಣೋ,” ಅಂದರು. “ಅದಲ್ಲ ನನ್ನ ಹೊಟ್ಟೆ ಉರಿ. ಅವತ್ತಿಂದ ಒಂದು ದಿನ ಗೇಟಿನ ಹತ್ರ ಬಂದ್ಯಾ ನೀನು? ಆಟಗಾರರು ಬರೋ ಚಿಕ್ಕ ಬಾಗಿಲಿನ ಚಿಲಕವನ್ನ ಇಷ್ಟು ವರ್ಷ ಮ್ಯಾಚ್ ಶುರುವಾದ ಮೇಲೂ ಹಾಕಿಲ್ಲ ನಾನು. ತಡವಾಗಿಯಾದ್ರೂ ಬರ್ತೀಯ ಅಂತ. ಎಷ್ಟು ಜನರ ಹತ್ರ ಅದಕ್ಕೆ ಬೈಸ್ಕೊಂಡಿದ್ದೀನಿ ಗೊತ್ತಾ?”

ಅವನು ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

“ಇವತ್ತು ಮ್ಯಾಚ್ ಎಷ್ಟು ಗಂಟೆಗೆ?” ಅಂದ.

“ಮೂರೂವರೆಗೆ,” ಅಂದರು ಗೇಟಣ್ಣ.