ಅಮ್ಮ ಒಗೆದ ಹುಲಿ

ಪ್ರೆಸ್ಸಣ್ಣನ ಮೇಲೆ ನನಗೆ ಅನುಮಾನ ಬಂದಿದೆ. ನನ್ನೊಳಗೇ ಹೇಳಿಕೊಳ್ಳುವುದಕ್ಕೂ ಮುಜುಗರ, ಏಕೆಂದರೆ ಅಂಗಡಿಯಲ್ಲಿ ನನ್ನನ್ನು ತಾನಾಗಿ ಮಾತಾಡಿಸುವವನು ಅವನೊಬ್ಬನೇ.

ದೊಡ್ಡಪ್ಪನದು ಟೀ ಶರ್ಟಿಗೆ ಪ್ರಿಂಟ್ ಹಾಕುವ ಅಂಗಡಿ. ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಚಿತ್ರ ಕೂರಿಸುವುದು ಪ್ರೆಸ್ಸಣ್ಣನ ಕೆಲಸ, ಹದಿನೇಳು ವರ್ಷದಿಂದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಸಿಕ್ಕಿದ್ದು ಎರಡು ಕೆಲಸ. ಹೇಗೆ ಒಗೆಯಬೇಕೆಂದು ಚೀಟಿ ಬರೆದು ಪೊಟ್ಟಣದೊಳಗೆ ಇಡುವುದು. ಪ್ರತಿ ಆರ್ಡರಿನ ಮೊದಲ ಟೀ ಶರ್ಟನ್ನು ಐದು ಸಲ ಒಗೆದು ಪ್ರಿಂಟ್ ನಿಲ್ಲುತ್ತದೆಯೇ ಎಂದು ನೋಡುವುದು.

ಈ ತಿಂಗಳು ಮೂರು ಆರ್ಡರು ವಾಪಸ್ ಬಂದವು. ಚಿತ್ರದ ತುಂಬ ಬಿರುಕು.

"ಪ್ರೆಸ್ಸಲ್ಲಿ ಬಿಸಿ ಸಾಲ್ತಿಲ್ಲ ಅನ್ಸುತ್ತೆ. ಮೀಟರಿನ ಮುಳ್ಳು ಸರಿಯಾಗೇ ತೋರಿಸುತ್ತೆ, ಆದ್ರೂ ರಿಪೇರಿಯವರನ್ನ ಕರೆಸಿ," ಎಂದ ಪ್ರೆಸ್ಸಣ್ಣ.

"ಹಾಗಾದ್ರೆ ನಮ್ಮ ಹುಡುಗಿ ಒಗೆದದ್ದು ಹೆಂಗೆ ಹೊಸದರ ಹಾಗೇ ಇದೆ?" ದೊಡ್ಡಪ್ಪ ನನ್ನ ಮೂರು ಟೀ ಶರ್ಟುಗಳನ್ನು ಮೇಜಿನ ಮೇಲೆ ಹರಡಿದರು. "ಮೊದಲನೇದು ಒತ್ತೋವಾಗ ನಾನು ಎದುರಿಗಿರ್ತೀನಿ. ನಾನು ಆಚೆ ಹೋದ ಮೇಲೆ ನೀನು ಬೇಗ ಬೇಗ ಎತ್ತಿಬಿಡ್ತೀಯ. ಶನಿವಾರದವರೆಗೆ ನೋಡ್ತೀನಿ, ಆಮೇಲೆ ನೀನು ಬರೋದು ಬೇಡ."

"ಡಿಗ್ರಿ ಮೇಡಂ, ನೀವಾದ್ರೂ ಹೇಳಿ," ಎಂದು ಪ್ರೆಸ್ಸಣ್ಣ ನನ್ನ ಕಡೆ ತಿರುಗಿದ.

ನಾನು ಚೀಟಿಗಳನ್ನು ಎಣಿಸತೊಡಗಿದೆ. ಎಣಿಸುವ ಅಗತ್ಯವೇ ಇರಲಿಲ್ಲ.

ಮರುದಿನದಿಂದ ನೇತುಹಾಕಿದ ಬಟ್ಟೆಗಳ ಸಂದಿಯಿಂದ ಅವನನ್ನೇ ನೋಡತೊಡಗಿದೆ. ಟೈಮರ್ ಕೆಟ್ಟಿರುವುದರಿಂದ ಅವನು ಬಾಯಲ್ಲೇ ಹದಿನೈದು ಎಣಿಸಿ ಹಿಡಿ ಎತ್ತುತ್ತಾನೆ. ನಾನೂ ಗಡಿಯಾರ ನೋಡುತ್ತ ಎಣಿಸಿದೆ. ಪ್ರತಿ ಸಲವೂ ಪೂರ್ತಿ ಹದಿನೈದು ಸೆಕೆಂಡು. ನಾನಿರುವುದು ಗೊತ್ತಾಗಿ ನಾಟಕವಾಡುತ್ತಿರಬಹುದೆ? ಒಮ್ಮೆ ತಿರುಗಿ ಮುಗುಳ್ನಕ್ಕ. ಆ ನಗುವಿನ ಮೇಲೂ ನನಗೆ ಅನುಮಾನ.

ಶುಕ್ರವಾರ ಹುಲಿಯ ಚಿತ್ರದ ಆರ್ಡರು. ನನ್ನ ಕಣ್ಣೆದುರೇ ಹದಿನೈದು ಎಣಿಸಿ ಒತ್ತಿದ ಒಂದನ್ನು ತೆಗೆದುಕೊಂಡು ಮನೆಗೆ ಹೋಗಿ ತಣ್ಣೀರಲ್ಲಿ ನೆನೆಸಿಟ್ಟೆ.

ಶನಿವಾರ ಬೆಳಿಗ್ಗೆ ಎದ್ದಾಗ ಬಕೆಟ್ ಖಾಲಿ. ಟೀ ಶರ್ಟು ಹಗ್ಗದ ಮೇಲೆ, ಉರಿಬಿಸಿಲಿಗೆ ಮುಖ ಮಾಡಿ ತೂಗುತ್ತಿತ್ತು. ಹುಲಿಯ ಮೂಗು ಸೀಳಿ ಎರಡಾಗಿತ್ತು.

"ಏನಮ್ಮ ಮಾಡಿದೆ ಇದಕ್ಕೆ?"

"ಒಗೆದೆ. ಬಟ್ಟೆಗೆ ಇನ್ನೇನು ಮಾಡ್ತಾರೆ?" ಅಮ್ಮ ಹಿಂಡಿದ ಸೀರೆಯನ್ನು ಕೊಡವಿದಳು. "ಬಿಸಿನೀರು, ಬ್ರಷ್ಷು, ಚೆನ್ನಾಗಿ ನಾಲ್ಕು ತಿರುವು ಹಿಂಡಿದೆ. ನೀನು ಒಳಮೈ ಹೊರಗೆ ಮಾಡಿ, ಹಿಂಡದೆ, ನೆರಳಲ್ಲಿ ಹಾಕಿ... ಹಸುಗೂಸಿಗೆ ನೀರು ಹಾಕೋ ಹಾಗೆ. ಹಂಗೆ ಯಾರ ಮನೇಲಿ ಒಗೀತಾರೆ ತಾಯಿ?"

ಅದೇ ಹಗ್ಗದಲ್ಲಿ ಅಕ್ಕನ ಟೀ ಶರ್ಟೂ ಇತ್ತು. ಎರಡು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲೇ ಒತ್ತಿದ್ದು. ಅಷ್ಟು ದಿನ ಅಮ್ಮನ ಕೈಗೆ ಸಿಕ್ಕಿಯೂ ಅದರ ಚಿತ್ರ ಕದಲಿರಲಿಲ್ಲ. ಅಂದರೆ ಈಗ ಪ್ರೆಸ್ಸು ಸಾಕಷ್ಟು ಬಿಸಿಯಾಗುತ್ತಿಲ್ಲ. ಅದನ್ನು ಮೊದಲೇ ಹಿಡಿಯಬೇಕಾಗಿದ್ದದ್ದು ನನ್ನ ಬಕೆಟ್. ನಾನೋ, ನಾನೇ ಬರೆದ ಚೀಟಿಯನ್ನು ಅಕ್ಷರ ಬಿಡದೆ ಪಾಲಿಸಿ, ಅರೆಬೆಂದ ಪ್ರಿಂಟನ್ನು ಪಾಸು ಮಾಡುತ್ತ ಬಂದಿದ್ದೆ.

ಒದ್ದೆ ಟೀ ಶರ್ಟನ್ನೇ ಹಿಡಿದು ಅಂಗಡಿಗೆ ಓಡಿದೆ. ಪ್ರೆಸ್ಸಣ್ಣ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ದೊಡ್ಡಪ್ಪ ಅವನ ಕಡೆ ನೋಡದೆ ಪೇಪರ್ ಮಡಚುತ್ತಿದ್ದರು.

ಟೀ ಶರ್ಟನ್ನು ಮೇಜಿನ ಮೇಲಿಟ್ಟೆ.

"ಏನದು?" ಎಂದರು ದೊಡ್ಡಪ್ಪ.

"ಇದಕ್ಕೆ ಪ್ರೆಸ್ಸಣ್ಣ ಪೂರ್ತಿ ಹದಿನೈದು ಎಣಿಸಿದ್ದಾರೆ, ನಾನೇ ಕದ್ದು ನೋಡಿದೀನಿ. ತಪ್ಪು ಅವರದ್ದಲ್ಲ ದೊಡ್ಡಪ್ಪ. ನಾನು ಮೆತ್ತಗೆ ಒಗೆದು ಪಾಸು ಮಾಡಿದ್ದೇ ತಪ್ಪು."