ಬರೋ ಟಿಕೀಟು

ಯಲಹಂಕದ ಪಕ್ಕ ಕೋಗಿಲಿನಲ್ಲಿರುವ ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಹೋಗ್ಬರ್ತೀನಿ’ ಅನ್ನಬೇಕು. ಇದು ಎಲ್ಲರ ಮನೆಯಲ್ಲೂ ಇರುವ ಮಾತೇ. ಆದರೆ ನಮ್ಮತ್ತೆ ಮುನಿಗಂಗಮ್ಮ ಈ ಕಟ್ಟಳೆಯನ್ನು ರೈಲು ಪ್ರಯಾಣಕ್ಕೂ ಹಾಕಿದ್ದರು. ಮನೆಯವರು ಯಾರು ರೈಲು ಹತ್ತಿದರೂ ಹೋಗಿಬರುವ ಟಿಕೆಟ್ಟೇ ಕೊಳ್ಳಬೇಕು. ನೆಂಟರ ಮನೆಯಲ್ಲಿ ವಾರ ಉಳಿಯುವವರೂ ಅಷ್ಟೆ. ಮರುದಿನವೇ ಅದು ಕೆಲಸಕ್ಕೆ ಬಾರದ ಕಾಗದವಾಗುತ್ತದೆ ಎಂದು ಅವರಿಗೆ ಗೊತ್ತು. ಅವರ ಅಣ್ಣ ಒಂದು ಕಡೆಯ ಟಿಕೆಟ್ಟಿನಲ್ಲಿ ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದಿದ್ದರು. ಆಮೇಲೆ ಅತ್ತೆಯ ಎದುರು ವಾದ ಮಾಡುವ ಧೈರ್ಯ ಯಾರಿಗಿದೆ?

ಮಾವ ಪಿಳ್ಳಪ್ಪನವರಿಗೆ ಹರ್ನಿಯಾ ಆಪರೇಷನ್. ಯಶವಂತಪುರದ ಆಸ್ಪತ್ರೆಯಲ್ಲಿ ಹತ್ತು ಗಂಟೆಯೊಳಗೆ ದಾಖಲಾಗಬೇಕು, ತಪ್ಪಿದರೆ ಮುಂದಿನ ತಿಂಗಳೇ. ರಾತ್ರಿಯೆಲ್ಲ ಹೊಟ್ಟೆ ಹಿಡಿದು ಕೂರುವ ಮನುಷ್ಯ ಇನ್ನೊಂದು ತಿಂಗಳು ತಡೆಯಲಾರರು. ಮನೆಯಲ್ಲಿ ಕಾರಿದೆ. ಆದರೆ ಹೆಬ್ಬಾಳದ ಟ್ರಾಫಿಕ್ ಜಾಮಿನಲ್ಲಿ ಮಾವನಿಗೆ ವಾಂತಿ ಗ್ಯಾರಂಟಿ. ಹಾಗಾಗಿ ರೈಲು. ಜೊತೆಗೆ ನಾನು, ಅವರ ಸೊಸೆ ವೇದಾ.

ಯಲಹಂಕ ಸ್ಟೇಷನ್ನಿಗೆ ಅತ್ತೆ ಬೀಳ್ಕೊಡಲು ಬಂದರು. ಆಸ್ಪತ್ರೆಯ ವಾಸನೆ ಅವರಿಗೆ ಆಗದು.

"ಬರೋ ಟಿಕೀಟು ಎಲ್ಲಿ?"

ನಾನು ಫೋನಿನಲ್ಲಿ ಎರಡು ಸಿಂಗಲ್ ತೆಗೆದಿದ್ದೆ. "ಅತ್ತೆ, ಈ ತಿಂಗಳಿಂದ ರಿಟರ್ನ್ ಕೊಡಲ್ವಂತೆ. ಹೊಸ ರೂಲು. ಬರುವಾಗ ಅಲ್ಲೇ ತಗೋತೀವಿ."

ಅತ್ತೆ ಮಾವನ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತರು. "ಅಂಗಾದ್ರೆ ಇವ್ರು ಓಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಕೌಂಟರಿಗೆ ಓಡಿದೆ. ಒಳಗಿದ್ದವಳು ನಮ್ಮ ಹಿಂದಿನ ಬೀದಿಯ ಮೋನಿಷಾ.

"ಮೆಷಿನ್‌ನಲ್ಲೇ ರಿಟರ್ನ್ ತೆಗ್ದುಬಿಟ್ಟಿದ್ದಾರೆ ಅಕ್ಕ," ಎಂದಳು. "ಒಬ್ರು ಹೋಗೋದು, ಅದೇ ಟಿಕೆಟ್‌ನಲ್ಲಿ ಇನ್ನೊಬ್ರು ಬರೋದು, ಹಂಗೆಲ್ಲ ಮಾಡ್ತಿದ್ರಂತೆ. ನಾನೇನ್ ಮಾಡ್ಲಿ?"

ಮೈಕಿನಲ್ಲಿ ನಮ್ಮ ರೈಲಿನ ಹೆಸರು ಕೂಗಿದರು, ಹಿಂದಿನ ಸ್ಟೇಷನ್ ರಾಜಾನುಕುಂಟೆ ಬಿಟ್ಟಿದೆಯಂತೆ. ನಾನು ಬೆಂಚಿನ ಹತ್ತಿರ ಬಂದು ದನಿ ಏರಿಸಿದೆ. "ಡೇಟ್ ತಪ್ಪಿದ್ರೆ ನೋವು ತಿನ್ನೋರು ಯಾರು? ನೀವಾ?"

"ಕೂಗ್ಬೇಡ ಕಣೇ," ಎಂದರು ಅತ್ತೆ. "ನಂಗೆ ಭಯ ಆಯ್ತದೆ."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಹಟ ಅಂದುಕೊಂಡಿದ್ದೆ, ಬೈಯಲು ಸುಲಭವಾಗಿತ್ತು. ಈಗ ಅವರ ಪಕ್ಕ ಕುಳಿತೆ.

ಮಾವ ಮಾತ್ರ ಯಾರದೋ ಮದುವೆಗೆ ಬಂದವರಂತೆ ಆರಾಮವಾಗಿ ನಿಂತು ಕೌಂಟರಿನ ಪಕ್ಕದ ದರದ ಬೋರ್ಡ್ ಓದುತ್ತಿದ್ದರು. "ವೇದಾ, ಈ ಪಾಸು ಅಂದ್ರೆ ಏನವ್ವ?"

"ದಿನಾ ಓಡಾಡೋರಿಗೆ ಮಾವ. ತಿಂಗಳು ಪೂರ್ತಿ ಹೋಗೋದು ಬರೋದು, ಎಲ್ಲಾ ಅದ್ರಲ್ಲೇ..." ಅನ್ನುತ್ತಲೇ ನನ್ನ ಮಾತು ನಿಂತಿತು.

ಅತ್ತೆ ತಲೆ ಎತ್ತಿದರು. "ಬರೋದೂನಾ?"

"ಬರೋದೂ."

ಅತ್ತೆ ಬ್ಯಾಗನ್ನು ನನ್ನ ಮಡಿಲಿಗೆ ತಳ್ಳಿ ಎದ್ದು ನಡೆದರು. ನಾನು ಆಸ್ಪತ್ರೆಯ ಫೈಲಿನಿಂದ ಮಾವನ ಫೋಟೋ, ಆಧಾರ್ ಜೆರಾಕ್ಸ್ ಕಿತ್ತುಕೊಂಡು ಹಿಂದೆಯೇ ಓಡಿದೆ.

"ಒಂದು ತಿಂಗಳದ್ದಾ ಅಜ್ಜಿ?" ಮೋನಿಷಾ ಕೇಳಿದಳು.

"ಅದಕ್ಕಿಂತ ಉದ್ದದ್ದು ಐತಾ?"

"ಮೂರು ತಿಂಗಳದ್ದಿದೆ, ಆರು ತಿಂಗಳದ್ದಿದೆ, ವರ್ಷದ್ದಿದೆ."

"ವರ್ಷದ್ದು ಕೊಡವ್ವ," ಎಂದು ಅತ್ತೆ ಎಲೆ ಅಡಿಕೆ ಚೀಲದ ದಾರ ಬಿಚ್ಚಿದರು.

ಮಾವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ ನೋಯುತ್ತದೆ, ಹಿಡಿದುಕೊಂಡೇ ನಕ್ಕರು. "ಲೇ ಗಂಗಿ, ವರ್ಷವೆಲ್ಲ ಎಲ್ಲಿಗೆ ಓಗ್ಲೇ ನಾನು?"

"ಎಲ್ಲಿಗಾದ್ರೂ ಓಗು," ಎಂದರು ಅತ್ತೆ. "ಬಂದ್ಬುಡು, ಅಷ್ಟೇಯ."

ರೈಲು ಬಂತು. ಮಾವ ಪಾಸನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ನನ್ನ ಸಿಂಗಲ್ ಟಿಕೆಟ್ಟಿನ ಚಿಂತೆ ಯಾರಿಗೂ ಇರಲಿಲ್ಲ. ಸೊಸೆ ಹೇಗೂ ಬಂದೇ ಬರುತ್ತಾಳೆ ಎಂಬ ನಂಬಿಕೆ ಇರಬೇಕು.

ಆಪರೇಷನ್ ಸಲೀಸಾಗಿ ಆಯಿತು. ಮನೆಗೆ ಕಳಿಸುವ ದಿನ ನನ್ನ ಗಂಡ ನಾಗಭೂಷಣ ಕಾರು ತಂದ. ಮಾವ ಹತ್ತಲಿಲ್ಲ. "ಪಾಸೈತೆ ಕಣೋ," ಎಂದರು. ನಡೆಯಬಹುದು ಎಂದು ಡಾಕ್ಟರೂ ಹೇಳಿಬಿಟ್ಟರು. ಅವನು ಬೈದುಕೊಂಡು ಖಾಲಿ ಕಾರು ಓಡಿಸಿಕೊಂಡು ಹೋದ.

ಯಲಹಂಕದಲ್ಲಿ ಇಳಿದಾಗ ಅತ್ತೆ ಅದೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಮಾವ ನಿಧಾನವಾಗಿ ಅವರ ಮುಂದೆ ಹೋಗಿ ನಿಂತು, ಜೇಬಿನ ಗುಂಡಿ ಬಿಚ್ಚಿ, ಟಿ.ಸಿ.ಗೆ ತೋರಿಸುವಂತೆ ಪಾಸನ್ನು ಹಿಡಿದರು.

ಅತ್ತೆಗೆ ಓದಲು ಬಾರದು. ಆದರೂ ಅದನ್ನು ಈಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ವಾಪಸ್ ಕೊಟ್ಟರು.

"ಸರಿಯಾಗೈತೆ," ಎಂದರು. "ನಡಿ ಮನೆಗೆ."